ಭಾವ ಆರಿಸಿದ ಡೀಸೆಲ್ ಕಾರು

೧೪ ನವೆಂಬರ್ ೧೯೬೮, ಗುರುವಾರ

ಭಾವನ ಪೆದ್ದುತನ ನೆನೆದರೆ ಈಗಲೂ ಮೈ ಉರಿಯುತ್ತದೆ. ನಮ್ಮ ಮಗ್ಗದ ಸೀರೆಗಳನ್ನು ಮೈಸೂರಿಗೆ ಸಾಗಿಸಲು ಹಳೆಯ ಕಾರೊಂದು ಬೇಕಿತ್ತು. ಯಳಂದೂರಿನಲ್ಲಿ ಎರಡಿದ್ದವು: ಇಂಗ್ಲೆಂಡಿನ ಪೆಟ್ರೋಲ್ ಕಾರು, ಜರ್ಮನಿಯ ಡೀಸೆಲ್ ಕಾರು. ಮಹಾಶಯ ಬಾನೆಟ್ ಎತ್ತಿಸಲೇ ಇಲ್ಲ. ಸೆರಗು ಪರೀಕ್ಷಿಸುವವನಂತೆ ಡೀಸೆಲ್ ಕಾರಿನ ಸೀಟಿನ ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, “ಒಳ್ಳೇ ನೇಯ್ಗೆ ಕಣ್ಲಾ, ಇದೇ ಇರ್ಲಿ” ಅಂದ.

“ರೇಷ್ಮೆಗೆ ಡೀಸಲ್ ವಾಸ್ನೆ ಹಿಡೀತದೆ, ಭಾವ” ಅಂದೆ. ಕೇಳಿದರೆ ತಾನೆ?

ಕೊಳ್ಳೇಗಾಲದ ಮನೆ ಸೇರುವಷ್ಟರಲ್ಲಿ ಅವನ ರೇಷ್ಮೆ ಶಲ್ಯ ಲಾರಿ ಶೆಡ್ಡಿನಂತೆ ನಾರುತ್ತಿತ್ತು. ಅಕ್ಕ ಅದನ್ನು ಮೂಸಿ, ನನ್ನ ಕಡೆ ತಿರುಗಿದಳು: “ಇವ್ರಿಗೆ ತಿಳೀದು ಅಂತ್ಲೇ ನಿನ್ನ ಜತೇಲಿ ಕಳ್ಸಿದ್ದು. ನೀನೇನ್ ನೋಡ್ತಾ ನಿಂತಿದ್ದೆ?”

ಪೆಟ್ರೋಲ್ ಕಾರಿನ ಆ ಮೆರೂನ್ ಬಣ್ಣ ನಮ್ಮ ಮಗ್ಗದ ಮೇಲಿರುವ ಹಸಿರು ಸೀರೆಯ ಅಂಚಿಗೆ ಒಪ್ಪುತ್ತದೆಯೇ ಎಂದು ನೋಡುತ್ತಿದ್ದೆ.

ಒಪ್ಪುತ್ತದೆ.