ಸೇತುವೆಯ ಆಚೆ ದಡ

೧೪ ಮೇ ೧೯೦೮, ಗುರುವಾರ

ಇವತ್ತೂ ಸೇತುವೆಯ ನಡುವೆ ನನ್ನ ಕಾಲು ತಾನಾಗಿಯೇ ನಿಂತುಬಿಟ್ಟಿತು. ಇಂಥ ಒಳ್ಳೆಯ ದಿನದಲ್ಲಿ ಅದೊಂದೇ ಬೇಸರ. ಊರ ಪೊಲೀಸನ ಅಧಿಕಾರ ಅಲ್ಲಿಗೇ ಮುಗಿಯುತ್ತಿತ್ತು. ಹನ್ನೊಂದು ವರ್ಷದ ರೂಢಿ.

ಚರ್ಚುಗಳ ಬೆಳ್ಳಿ ಕದಿಯುವ ರುವಿಯೇರ್ ಎಂದಿನಂತೆ ಆಚೆ ದಡದ ಗಡಿಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಚೀಲ, ಬಾಯಲ್ಲಿ ಪೈಪು. ನನ್ನನ್ನು ಕಂಡು ಟೋಪಿ ಎತ್ತಿದ.

“ಯಾಕೆ ಆನ್ಸೆಲ್ಮ್ ಸಾಹೇಬ್ರೇ, ಅಲ್ಲೇ ನಿಂತ್ರಿ? ಕಾಲು ನೋವಾ?”

ಜೇಬಿನಲ್ಲಿ ಹೊಸ ಗುರುತಿನ ಚೀಟಿಯಿತ್ತು. ಕಳ್ಳರಿಗಿಲ್ಲದ ಗಡಿ ಪೊಲೀಸರಿಗೇಕೆ ಎಂದು, ದೇಶವೆಲ್ಲ ಓಡಾಡುವ ದಳ ಕಟ್ಟಿದ ನಮ್ಮ ಪ್ಯಾರಿಸ್ಸಿನ ಮುಖ್ಯಸ್ಥರ ಸಹಿ ಅದರ ಮೇಲಿದೆ. ಅದನ್ನೊಮ್ಮೆ ಮುಟ್ಟಿಕೊಂಡು ಹೆಜ್ಜೆ ಎತ್ತಿದೆ. ಮದುವೆಯ ದಿನವೂ ನಾನು ಅಷ್ಟು ಹೆಮ್ಮೆಯಿಂದ ನಡೆದಿರಲಿಲ್ಲ.

ಅವನು ಓಡಲಿಲ್ಲ. ಬೇಡಿ ಬೀಳುವವರೆಗೂ ನಗುತ್ತಲೇ ಇದ್ದ.

“ನಿಮ್ ಗಡಿ ಸೇತುವೆ ಮಧ್ಯ ಅಲ್ವಾ?”

“ಈಗ ಸಮುದ್ರದ ತನಕ ಹೋಗಿದೆ ಕಣಯ್ಯಾ.”

ಅವನು ಸರಿದು ಕಲ್ಲಿನ ಮೇಲೆ ಜಾಗ ಕೊಟ್ಟ. ನನಗೂ ಏದುಸಿರು ಬಂದಿತ್ತು, ಕೂತೆ. ಅಲ್ಲಿಂದ ನಮ್ಮೂರು ಎಷ್ಟು ಚಂದ ಕಾಣುತ್ತದೆ. ಹನ್ನೊಂದು ವರ್ಷದಿಂದ ಇದನ್ನು ಈ ಕಳ್ಳನೊಬ್ಬನೇ ನೋಡಿಕೊಂಡು ಬಂದಿದ್ದಾನೆ.