ಏಳನೇ ಕಂಬದ ಕ್ಯೂಬುಗಳು

ಬುಧವಾರ,
ಕಾಂಕ್ರೀಟು ಸುರಿದು ಇಪ್ಪತ್ತಾರನೇ ದಿನ

ನನ್ನ ತೂಗುಗುಂಡಿಗೆ ಅಪ್ಪನ ಆಶೀರ್ವಾದ.

ಚಿಕ್ಕಂದಿನಲ್ಲಿ ಗುಂಡು ಕಟ್ಟಿದ ದಾರವನ್ನು ಗೋಡೆಗೆ ಇಳಿಬಿಟ್ಟು, "ಅಪ್ಪಾ, ನಿನ್ನ ಗೋಡೆ ಸೊಟ್ಟ" ಎಂದು ಕೆಲಸದವರೆದುರೇ ಹೇಳಿದವಳು ನೀನು. ಈ ಹೆಸರು ಬಂದದ್ದು ಅಂದಿನಿಂದ. ಇವತ್ತು ಆ ದಾರವನ್ನು ನನ್ನ ಪಕ್ಕದಲ್ಲೇ ಇಳಿಬಿಡಬೇಕಾಗಿದೆ.

ನಾಡಿದ್ದು ಶುಕ್ರವಾರ ನಿಮ್ಮ ಲ್ಯಾಬಿನಲ್ಲಿ ಮೂರು ಕಾಂಕ್ರೀಟು ಕ್ಯೂಬುಗಳನ್ನು ಯಂತ್ರಕ್ಕೆ ಕೊಟ್ಟು ಒಡೆದು ಗಟ್ಟಿತನ ನೋಡುತ್ತೀಯ. ನಾನು ಕಟ್ಟುತ್ತಿರುವ ಹೆರಿಗೆ ಆಸ್ಪತ್ರೆಯ ಏಳನೇ ಕಂಬದವು. ಗಟ್ಟಿಯಾಗಿಯೇ ಇರುತ್ತವೆ. ನಂಬಬೇಡ.

ಕಾಂಕ್ರೀಟು ಸುರಿದ ದಿನ ಬೆಳಗಿನ ಲಾರಿ ಹೊತ್ತಿಗೆ ಸರಿಯಾಗಿ ಬಂತು. ಎರಡನೆಯದು ದಾರಿಯಲ್ಲಿ ಕೆಟ್ಟು ನಿಂತು ಮೂರು ಗಂಟೆ ತಡವಾಯಿತು. ಒಳಗಿನ ಕಾಂಕ್ರೀಟು ಸಲಿಕೆಗೂ ಬಗ್ಗದಷ್ಟು ಬಿಗಿದಿತ್ತು. ಅಂಥದ್ದನ್ನು ವಾಪಸು ಕಳಿಸಬೇಕು, ಅದೇ ನಿಯಮ. ಆದರೆ ಕಂಬ ಪಾಯದಿಂದೆದ್ದು ಅರ್ಧಕ್ಕೆ ನಿಂತಿತ್ತು. ಇಲ್ಲಿ 'ಅದಕ್ಕೆ ನೀರು ಬಿತ್ತು' ಎಂದು ಬರೆದು ಹೊಡೆದುಹಾಕಿದ್ದೇನೆ, ನೋಡು. ನೀರು ತಾನಾಗಿ ಬೀಳುವುದಿಲ್ಲ. ಪೈಪು ಹಿಡಿದವನು ನಾನು. "ಮೇಸ್ತ್ರೀ, ಕಾಂಕ್ರೀಟಿಗೆ ಸ್ನಾನ ಮಾಡಿಸ್ತಿದೀರಾ?" ಎಂದ ಲಾರಿ ಡ್ರೈವರ್. ನಾನೂ ನಕ್ಕೆ, ನೀರಿಗೆ ಬಲ ಕಳೆದುಕೊಂಡ ಅದನ್ನೇ ಕಂಬದ ಮೇಲರ್ಧಕ್ಕೆ ಸುರಿಸಿದೆ.

ಯಾವುದನ್ನು ಕಂಬಕ್ಕೆ ಸುರಿಯುತ್ತೇವೋ ಅದರಿಂದಲೇ ಕ್ಯೂಬಿನ ಅಚ್ಚು ತುಂಬಬೇಕು. ನಾನು ಬೆಳಗಿನ ಲಾರಿಯಿಂದ ತುಂಬಿಟ್ಟಿದ್ದ ಆರರ ಮೇಲೆ ಏಳನೇ ಕಂಬದ ನಂಬರು ಬರೆದೆ. ಏಳನೇ ದಿನಕ್ಕೆ ಮೂರನ್ನು ಒಡೆದು ಪಾಸು ಮಾಡಿದರು; ಉಳಿದ ಮೂರಕ್ಕೆ ಇಪ್ಪತ್ತೆಂಟನೇ ದಿನ, ಅದೇ ಈ ಶುಕ್ರವಾರ. ವರದಿ ಕೈಗೆ ಬಂದಾಗ ಕೆಳಗೆ ನಿನ್ನ ಸಹಿ. ನಮ್ಮ ಕ್ಯೂಬು ನಿನ್ನ ಮೇಜಿಗೇ ಬರುತ್ತವೆಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಮಾಡುತ್ತಿರಲಿಲ್ಲವೇ ಎಂದು ಮಾತ್ರ ಕೇಳಬೇಡ.

ಈಗ ಆ ಕಂಬದ ಪಕ್ಕ ಊಟಕ್ಕೆ ಕೂರಲಾರೆ. ಇಟ್ಟಿಗೆ ಹೊರುವ ಅಜ್ಜಿ, "ಅದೇನು ನಿಮ್ಮ ಬೀಗರಾ ಮೇಸ್ತ್ರೀ? ಕಂಡ್ರೆ ಸುತ್ತು ಹಾಕ್ಕೊಂಡು ಹೋಗ್ತೀರಲ್ಲ" ಎಂದು ಕಿಚಾಯಿಸುತ್ತಾಳೆ. ಹಾಗೆಂದು ಅವಳೇ ಅದಕ್ಕೊರಗಿ ಕೂರುತ್ತಾಳೆ. ಶನಿವಾರ ಆ ಕಂಬದ ತಲೆಯ ಮೇಲೆ ಸ್ಲ್ಯಾಬು ಸುರಿಯುತ್ತಾರೆ. ನಿನ್ನ ಶುಕ್ರವಾರದ ವರದಿಯೊಂದೇ ಬಾಕಿ.

ಇಲ್ಲಿನ ಇಂಜಿನಿಯರರ ಮುಂದೆ ಎರಡು ಸಲ ಹೋಗಿ ನಿಂತೆ. ಎರಡು ಸಲವೂ ಕಬ್ಬಿಣದ ಲೆಕ್ಕದ ಮಾತಾಡಿ ಬಂದೆ. ನನ್ನ ಬಾಯಿಂದ ಹೊರಡುತ್ತಿಲ್ಲ. ಈ ಕಾಗದವನ್ನೇ ಅವರಿಗೆ ತೋರಿಸು. ಕಂಬವನ್ನೇ ಕೊರೆದು ತುಂಡು ತೆಗೆದು ಪರೀಕ್ಷೆ ಮಾಡಲಿ. ಮೂವತ್ತು ವರ್ಷದ ನನ್ನ ಕೆಲಸ ಹೋದರೆ ಹೋಗಲಿ. ಇನ್ನೊಂದು ಸಲ ನೀನು ಸಹಿ ಹಾಕಬೇಡ ಮಗಳೇ.

ಇಂತಿ,
ನಿನ್ನ ಅಪ್ಪ

ಸಹಿಯಾದ ಮೇಲೆ ಇನ್ನೊಂದು ಮಾತು: ಕಾಗದ ತಂದವನ ಹತ್ತಿರ ಭಾರದ ಪೆಟ್ಟಿಗೆಯೊಂದಿದೆ, ಇಳಿಸಿಕೋ. ನೀರು ಬೆರೆಸಿದ್ದರಿಂದಲೂ ಅಂದು ಮೂರು ಕ್ಯೂಬು ತುಂಬಿದ್ದೆ, ಯಾರಿಗೂ ಹೇಳದೆ. ಇಷ್ಟು ದಿನ ನಿಮ್ಮ ಲ್ಯಾಬಿನವರಂತೆ ಬಚ್ಚಲ ತೊಟ್ಟಿಯ ನೀರಲ್ಲಿಟ್ಟು ಸಾಕಿದೆ. "ಇವೇನು ಮರಿ ಹಾಕ್ತವಾ?" ಎಂದು ನಿಮ್ಮಮ್ಮನ ತಮಾಷೆ. ಗಟ್ಟಿಯಾಗಿದ್ದರೆ ನಿನಗೆ ಬರೆಯುವ ಕೆಲಸವೇ ಇಲ್ಲವೆಂದು ದಿನಾ ತಟ್ಟಿ ನೋಡುತ್ತಿದ್ದೆ. ನಿನ್ನೆ ಒಂದರ ಮೂಲೆ ನನ್ನ ಹೆಬ್ಬೆರಳಿಗೇ ಉದುರಿತು.