ಸೀರೆಯ ಫರಕು

ರಂಗಂಪೇಟೆ

ಸೌಭಾಗ್ಯವತಿ ರತ್ನಾಬಾಯಿಗೆ,

ಇಂದಿನಿಂದ ನಮ್ಮ ಮನೆಯಲ್ಲಿ ಸೀರೆಯ ನಿಗದಿ ದರವನ್ನು ಇನ್ನೂರು ರೂಪಾಯಿಯಿಂದ ಇನ್ನೂರೈವತ್ತಕ್ಕೆ ಏರಿಸಲಾಗಿದೆ ಎಂದು ಈ ಮೂಲಕ ಘೋಷಿಸುತ್ತೇನೆ.

ಪ್ರತಿ ಸಾಮಾನಿಗೂ ಮೊದಲೇ ದರ ಗೊತ್ತುಮಾಡುವ ನಮ್ಮ ಪಂಪಿನ ಕಾರ್ಖಾನೆಯ ಲೆಕ್ಕವನ್ನು ಮನೆಗೆ ತಂದವನು ನಾನೇ. ನೀನು ನೀಲಿ ಸೀರೆ ಕೊಂಡಾಗ ನಿಗದಿಗಿಂತ ಐವತ್ತು ಹೆಚ್ಚು ಕೊಟ್ಟೆಯೆಂದು ಮನೆಯ ಲೆಕ್ಕದಲ್ಲಿ ‘ಬೆಲೆ ಫರಕು’ ಬರೆದೆ. “ನಿಮ್ಮ ಫರಕು ನೀವ ಉಟ್ಕೊಳ್ರಿ!” ಎಂದು ನೀನು ಸೀರೆಯನ್ನು ಅಂಗಡಿಗೆ ಮರಳಿಸಿ ಕೊಂಕಲ್ಲಿನ ತವರಿಗೆ ಹೋದೆ. ಕೊಂಡ ದರವೇ ಪೂರಾ ವಾಪಸು ಬಂದ ಮೇಲೆ ಫರಕೂ ರದ್ದಾಗಬೇಕು. ನಾನು ಅದನ್ನು ಮನಸ್ಸಿನಲ್ಲಿ ಹಾಗೇ ಉಳಿಸಿಕೊಂಡಿದ್ದೆ.

ನಿನ್ನೆ ಕಾಲುವೆಗೆ ನೀರು ಬಿಟ್ಟರು. ಅದೇ ನೀಲಿ ಸೀರೆ ಮಡಿಕೆ ಬಿಚ್ಚುತ್ತ ಹೊಲಗಳ ಕಡೆ ನಡೆದಂತೆ ಕಂಡಿತು. ಹಿಂದೆಯೇ ಹೋದೆ; ಅಂಗಡಿ ಬಂತು. ಕೊಂಡು ತಂದಿದ್ದೇನೆ. ಈ ಸಲ ಫರಕು ಸೊನ್ನೆ.

“ಅಕ್ಕೋರ ಅಳತಿ ಎಲ್ಲೈತ್ರಿ?” ಎಂದು ಅದರ ಕುಬಸ ಹೊಲಿಯುವ ದರ್ಜಿ ಕೇಳುತ್ತಿದ್ದಾನೆ. ಬರುವಾಗ ಹಳೆಯ ಕುಬಸವೊಂದನ್ನು ತಾ.

ನಿನ್ನ
ಬಸವಂತ್ರಾಯ